ಚರ್ಚ್ ಚುನಾವಣೆಗೆ ನಿವೃತ್ತ ನ್ಯಾಯಮೂರ್ತಿಗಳೇಕೆ?

ದಕ್ಷಿಣ ಭಾರತ ಸಭೆಯ, ಅಂದರೆ ಎಲ್ಲರೂ ಸಿಎಸ್‌ಐ ಎಂದು ಕರೆಯುವ ಚರ್ಚಿನ, ಆಡಳಿತ ನೋಡಿಕೊಂಡು ಚುನಾವಣೆ ನಡೆಸಿಕೊಡಿ ಎಂದು ಮದ್ರಾಸ್ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ಇಬ್ಬರು ನಿವೃತ್ತ ನ್ಯಾಯಮೂರ್ತಿಗಳನ್ನು ನೇಮಿಸಿತು. ಅದಕ್ಕೂ ಮೊದಲು, 2023ರ ಸೆಪ್ಟೆಂಬರ್‌ನಲ್ಲಿ, ಅದೇ ಹೈಕೋರ್ಟಿನ ಏಕಸದಸ್ಯ ಪೀಠ ಸಭೆಯ ಅತ್ಯುನ್ನತ ಹುದ್ದೆಯಾದ ಮಾಡರೇಟರ್ ಆಯ್ಕೆಯನ್ನು ಅಮಾನ್ಯ ಎಂದಿತ್ತು. ಈ ಆದೇಶಗಳನ್ನು ಪ್ರಶ್ನಿಸಿ ಪ್ರಕರಣ ಸುಪ್ರೀಂ ಕೋರ್ಟ್‌ಗೂ ಹೋಯಿತು. ಯಾವ ಆದೇಶ ಉಳಿಯಿತು, ಯಾವುದು ಬಿತ್ತು ಎಂಬುದು ವಕೀಲರ ಲೆಕ್ಕ. ಸಾಮಾನ್ಯ ಓದುಗರನ್ನು ಕಾಡುವ ಪ್ರಶ್ನೆ ಬೇರೆಯೇ ಇದೆ: ಪ್ರಾರ್ಥನೆ ಮಾಡಿ ನಾಯಕನನ್ನು ಆರಿಸಿಕೊಳ್ಳಬೇಕಾದ ಸಭೆಗೆ ಹೈಕೋರ್ಟ್ ನೇಮಿಸಿದ ಆಡಳಿತಾಧಿಕಾರಿಗಳು ಬೇಕಾಗುವ ಸ್ಥಿತಿ ಏಕೆ ಬಂತು?

ಇದೇ ಅವಧಿಯಲ್ಲಿ ಕರ್ನಾಟಕದ ಕಥೋಲಿಕರು ಇದಕ್ಕೆ ತದ್ವಿರುದ್ಧವಾದ ಗೊಂದಲದಲ್ಲಿದ್ದರು. ಮೈಸೂರು ಧರ್ಮಪ್ರಾಂತ್ಯದ ಬಿಷಪರನ್ನು 2023ರ ಜನವರಿಯಲ್ಲಿ ರಜೆಯ ಮೇಲೆ ಕಳುಹಿಸಲಾಯಿತು. ಹೊಸ ಬಿಷಪರ ಹೆಸರು ಹೊರಬಿದ್ದದ್ದು 2025ರ ಜನವರಿಯಲ್ಲಿ. ನಡುವಿನ ಎರಡು ವರ್ಷಗಳಲ್ಲಿ ಒಂದೇ ಒಂದು ಮತವೂ ಚಲಾವಣೆಯಾಗಲಿಲ್ಲ, ಏಕೆಂದರೆ ಆ ವ್ಯವಸ್ಥೆಯಲ್ಲಿ ಮತದಾನವೇ ಇಲ್ಲ.

ಒಂದು ಕಡೆ ಚುನಾವಣೆ, ಇನ್ನೊಂದು ಕಡೆ ನೇಮಕ. ಎರಡೂ ಕಡೆ ಜನರ ಆಡುಮಾತು ಒಂದೇ: "ಯೋಗ್ಯರು ಬರುತ್ತಿಲ್ಲ." ದೋಷ ಪದ್ಧತಿಯಲ್ಲಿದೆ ಎಂದು ಎರಡು ಕಡೆಯವರೂ ಹೇಳುತ್ತಾರೆ. ಹತ್ತಿರದಿಂದ ನೋಡಿದರೆ ತೊಡಕಿರುವುದು ಅದಕ್ಕಿಂತ ಒಂದು ಹೆಜ್ಜೆ ಹಿಂದೆ. ಅಭ್ಯರ್ಥಿಯ ಅರ್ಹತೆಯನ್ನು ಯಾರು ಪರಿಶೀಲಿಸಬೇಕು, ಯಾವಾಗ ಪರಿಶೀಲಿಸಬೇಕು ಎಂಬುದು ಎರಡು ಕಡೆಯೂ ಸರಿಯಾಗಿ ಇತ್ಯರ್ಥವಾಗಿಲ್ಲ.

ಅರ್ಹತೆಯ ಪಟ್ಟಿಗೆ ಬರವಿಲ್ಲ

ನಾಯಕನಲ್ಲಿ ಇರಬೇಕಾದ ಗುಣಗಳ ಬಗ್ಗೆ ಯಾವ ಸಭೆಯಲ್ಲೂ ಜಗಳವಿಲ್ಲ. ಬೈಬಲಿನಲ್ಲಿ ಪೌಲನು ತಿಮೊಥೆಯನಿಗೆ ಬರೆದ ಮೊದಲ ಪತ್ರದ 3ನೇ ಅಧ್ಯಾಯ, ತೀತನಿಗೆ ಬರೆದ ಪತ್ರದ 1ನೇ ಅಧ್ಯಾಯ ಎಲ್ಲರಿಗೂ ಸಮಾನ. ದೋಷಾರೋಪಣೆಗೆ ಒಳಗಾಗದವನು, ಏಕಪತ್ನಿಯುಳ್ಳವನು, ಹಣದಾಸೆಯಿಲ್ಲದವನು, ಕುಡುಕನಲ್ಲದವನು, ಬೋಧಿಸಬಲ್ಲವನು, ಸ್ವಂತ ಮನೆಯನ್ನು ಚೆನ್ನಾಗಿ ನಡೆಸುವವನು ಎಂದು ಪಟ್ಟಿ ಸಾಗುತ್ತದೆ.

ಪ್ರಸಂಗಗಳಲ್ಲಿ ಈ ಗುಣಗಳನ್ನು ಓದಿ ಮುಗಿಸುತ್ತಾರೆ. ತಿಮೊಥೆಯನ ಆ ಪತ್ರದಲ್ಲೇ ಇರುವ ನಾಲ್ಕು ಕಾರ್ಯವಿಧಾನದ ಸೂಚನೆಗಳು ಮಾತ್ರ ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ಹೊಸದಾಗಿ ಸಭೆಗೆ ಸೇರಿದವನನ್ನು ಆ ಸ್ಥಾನಕ್ಕೆ ಏರಿಸಬಾರದು (3:6). ಸಭೆಯ ಹೊರಗಿನವರಿಂದಲೂ ಅವನಿಗೆ ಒಳ್ಳೆಯ ಹೆಸರಿರಬೇಕು (3:7). ಸಭಾಸೇವಕರು ಮೊದಲು ಪರೀಕ್ಷೆಗೊಳಗಾಗಬೇಕು, ಆಮೇಲೆ ಸೇವೆ (3:10). ಅವಸರದಿಂದ ಯಾರ ತಲೆಯ ಮೇಲೂ ಹಸ್ತವಿಡಬಾರದು, ಅಂದರೆ ಹುದ್ದೆಗೆ ದೀಕ್ಷೆ ಕೊಡಬಾರದು (5:22). ಇವು ಗುಣಗಳಲ್ಲ, ಕ್ರಮಗಳು. ಕಾಲಾವಕಾಶ ಬೇಕು, ಹೊರಗಿನವರ ಸಾಕ್ಷ್ಯ ಬೇಕು, ಪರೀಕ್ಷೆ ಮೊದಲು ಹುದ್ದೆ ಆಮೇಲೆ ಎಂಬುದು ಇವುಗಳ ತಾತ್ಪರ್ಯ.

ಆಯ್ಕೆಯ ವಿಧಾನ ಇಂಥದ್ದೇ ಆಗಬೇಕೆಂದು ಮಾತ್ರ ಹೊಸ ಒಡಂಬಡಿಕೆ ಕಟ್ಟುಮಾಡಿಲ್ಲ. ಯೇಸುವಿಗೆ ದ್ರೋಹ ಬಗೆದ ಯೂದನ ಸ್ಥಾನಕ್ಕೆ ಮತ್ತೀಯನನ್ನು ಚೀಟು ಹಾಕಿ ಆರಿಸಿದರು (ಅಪೊಸ್ತಲರ ಕೃತ್ಯಗಳು, 1ನೇ ಅಧ್ಯಾಯ). ಊಟದ ಹಂಚಿಕೆಯಲ್ಲಿ ತಾರತಮ್ಯವಾಗಿದೆ ಎಂಬ ಗುಣುಗುಟ್ಟುವಿಕೆ ಎದ್ದಾಗ ಏಳು ಮಂದಿಯನ್ನು ಜನರೇ ಆರಿಸಿದರು, ಅಪೊಸ್ತಲರು ಹಸ್ತವಿಟ್ಟರು (6ನೇ ಅಧ್ಯಾಯ). ಕ್ರೇತ ದ್ವೀಪದ ಊರೂರಿನಲ್ಲಿ ಹಿರಿಯರನ್ನು ನೇಮಿಸುವ ಕೆಲಸವನ್ನು ಪೌಲನು ತೀತನೊಬ್ಬನಿಗೇ ಒಪ್ಪಿಸಿದ. ಚೀಟು, ಚುನಾವಣೆ, ನೇಮಕ ಮೂರಕ್ಕೂ ಆಧಾರವಿದೆ. ಆದ್ದರಿಂದ "ನಮ್ಮದೊಂದೇ ಬೈಬಲ್ ಪ್ರಕಾರದ್ದು" ಎನ್ನುವ ವಾದ ಯಾರ ಬಾಯಲ್ಲಿ ಬಂದರೂ ಅದು ಅರ್ಧ ಸತ್ಯವೇ.

1947ರ ರಾಜಿ

ಸಿಎಸ್‌ಐ ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ. ಒಂದಾದ ಸಭೆಗಳ ಅಭ್ಯಾಸಗಳು ಬೇರೆಬೇರೆಯಾಗಿದ್ದವು. ಆಂಗ್ಲಿಕನ್ನರಿಗೆ ಬಿಷಪ್ ಹುದ್ದೆ ಬಿಟ್ಟುಕೊಡುವಂಥದ್ದಲ್ಲ. ದಕ್ಷಿಣ ಭಾರತ ಐಕ್ಯ ಸಭೆಯ ಮೂಲಕ ಬಂದ ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಪರಂಪರೆಯವರಿಗೆ ಅಧಿಕಾರ ಹಿರಿಯರ ಸಮಿತಿಯಲ್ಲಿ, ಸ್ಥಳೀಯ ಸಭೆಯಲ್ಲಿ ಇರಬೇಕು. ಮೆಥಡಿಸ್ಟರದು ಇನ್ನೊಂದು ರೂಢಿ.

ಕೊನೆಗೆ ಒಪ್ಪಿಕೊಂಡದ್ದು ಸಂವಿಧಾನಬದ್ಧ ಬಿಷಪ್ ಪದ್ಧತಿ. ಬಿಷಪ್ ಇರುತ್ತಾರೆ, ಆದರೆ ಅವರು ಚುನಾಯಿತ ಮಂಡಳಿಗಳೊಂದಿಗೆ, ಬರೆದಿಟ್ಟ ನಿಯಮಗಳಡಿ ಆಡಳಿತ ನಡೆಸಬೇಕು. ಇವತ್ತಿನ ತಿಕ್ಕಾಟದ ಬೀಜ ಈ ರಾಜಿಯಲ್ಲೇ ಇದೆ. ಹುದ್ದೆಯ ಗಾಂಭೀರ್ಯ ಬಂದದ್ದು ಒಂದು ಪರಂಪರೆಯಿಂದ, ಆಯ್ಕೆಯ ದಾರಿ ಬಂದದ್ದು ಇನ್ನೊಂದರಿಂದ. ಹಳೆಯ ಬಿಷಪನಷ್ಟೇ ದೊಡ್ಡ ಪೀಠ, ಆದರೆ ಅದಕ್ಕೆ ಏರಲು ಮತ ಬೇಕು.

ಚಂದಾ ರಸೀದಿಯಿಂದ ಪ್ಯಾನೆಲ್‌ವರೆಗೆ

ಸಿಎಸ್‌ಐನಲ್ಲಿ ಈಗ 24 ಡಯಾಸಿಸ್‌ಗಳಿವೆ, ಅಂದರೆ ಒಬ್ಬೊಬ್ಬ ಬಿಷಪರ ಆಡಳಿತದ ಪ್ರಾಂತ್ಯಗಳು. ಕರ್ನಾಟಕದಲ್ಲಿ ಮೂರು: ಬೆಂಗಳೂರು ಕೇಂದ್ರವಾದ ಮಧ್ಯ ಡಯಾಸಿಸ್, ಮಂಗಳೂರು ಕೇಂದ್ರವಾದ ದಕ್ಷಿಣ ಡಯಾಸಿಸ್, ಧಾರವಾಡ ಕೇಂದ್ರವಾದ ಉತ್ತರ ಡಯಾಸಿಸ್. ಸಣ್ಣಪುಟ್ಟ ನಿಯಮಗಳು ಒಂದೊಂದರಲ್ಲಿ ಒಂದೊಂದು ಥರ ಇದ್ದರೂ ಏಣಿಯ ಮೆಟ್ಟಿಲುಗಳು ಒಂದೇ.

ತಳದಲ್ಲಿ ಸ್ಥಳೀಯ ಸಭೆಯ ಮತದಾರರ ಪಟ್ಟಿ. ದೃಢೀಕರಣ (ಪೂರ್ಣ ಸದಸ್ಯತ್ವದ ವಿಧಿ) ಪಡೆದು ಕರ್ತನ ಭೋಜನದಲ್ಲಿ ಪಾಲ್ಗೊಳ್ಳುವ, ಚಂದಾ ಬಾಕಿ ಉಳಿಸಿಕೊಳ್ಳದ ಸದಸ್ಯರ ಹೆಸರು ಅದರಲ್ಲಿರುತ್ತದೆ. ಇವರು ಸ್ಥಳೀಯ ಆಡಳಿತ ನೋಡುವ ಪಾಸ್ಟರೇಟ್ ಸಮಿತಿಯನ್ನೂ ಡಯಾಸಿಸ್ ಕೌನ್ಸಿಲ್‌ಗೆ ಹೋಗುವ ಪ್ರತಿನಿಧಿಗಳನ್ನೂ ಆರಿಸುತ್ತಾರೆ. ಕೌನ್ಸಿಲ್‌ನಲ್ಲಿ ಈ ಪ್ರತಿನಿಧಿಗಳ ಜೊತೆ ಸಭಾಪಾಲಕರೂ (ಪಾದ್ರಿಗಳೂ) ಕೂರುತ್ತಾರೆ. ಬಿಷಪ್ ಹುದ್ದೆ ತೆರವಾದಾಗ ಕೌನ್ಸಿಲ್ ಮತ ಹಾಕಿ ಒಂದಕ್ಕಿಂತ ಹೆಚ್ಚು ಹೆಸರುಗಳ ಪ್ಯಾನೆಲ್ ತಯಾರಿಸುತ್ತದೆ. ಪ್ಯಾನೆಲ್ ಇಡೀ ಸಿಎಸ್‌ಐನ ಮೇಲಿನ ಮಂಡಳಿಯಾದ ಚೆನ್ನೈನ ಸಿನೋಡ್‌ಗೆ ಹೋಗುತ್ತದೆ, ಅಲ್ಲಿನ ಆಯ್ಕೆ ಮಂಡಳಿ ಅದರಲ್ಲಿ ಒಬ್ಬರನ್ನು ಆರಿಸುತ್ತದೆ. ಹೆಚ್ಚು ಮತ ಬಿದ್ದವರೇ ಬಿಷಪ್ ಆಗಬೇಕೆಂದಿಲ್ಲ.

ಕಾಗದದ ಮೇಲೆ ಇದು ಚೆನ್ನಾಗಿಯೇ ಇದೆ. ಜನರ ಮಾತೂ ಇದೆ, ಮೇಲಿನವರ ವಿವೇಚನೆಯೂ ಇದೆ. ಇಂಥ ಏಣಿ ಎಲ್ಲೆಲ್ಲಿ ಜಾರುತ್ತದೆ ಎಂಬುದನ್ನು ಮೆಟ್ಟಿಲು ಮೆಟ್ಟಿಲಾಗಿ ನೋಡಬೇಕು.

ಮೊದಲ ಜಾರು ಮತದಾರರ ಪಟ್ಟಿಯಲ್ಲೇ. ಚಂದಾ ಕಟ್ಟಿದವರಿಗೆ ಮತ ಎಂದಮೇಲೆ, ವರ್ಷಗಟ್ಟಲೆ ಬಾಕಿ ಇದ್ದ ಕುಟುಂಬಗಳ ಚಂದಾವನ್ನು ಕೊನೆಯ ದಿನಾಂಕದ ಹಿಂದಿನ ವಾರ ಬೇರೆ ಯಾರೋ ಒಟ್ಟಾಗಿ ಕಟ್ಟಿಬಿಡುವ ದಾರಿ ತೆರೆದುಕೊಳ್ಳುತ್ತದೆ. ಊರು ಬಿಟ್ಟವರ, ತೀರಿಕೊಂಡವರ ಹೆಸರು ತೆಗೆಯದೆ ಉಳಿಯುತ್ತದೆ. ಒಬ್ಬರದೇ ಹೆಸರು ಎರಡು ಸಭೆಗಳಲ್ಲಿ ಇರುತ್ತದೆ. ಆಕ್ಷೇಪಣೆಗೆ ಒಂದೇ ಭಾನುವಾರ ಕೊಟ್ಟರೆ ಇದನ್ನೆಲ್ಲ ಹಿಡಿಯಲು ಯಾರಿಗೂ ಸಾಧ್ಯವಿಲ್ಲ. ಬಿಷಪ್ ಪ್ಯಾನೆಲ್‌ನ ಮತದಾನ ಬರುವುದು ಇದಾದ ಎಷ್ಟೋ ತಿಂಗಳ ಮೇಲೆ. ಆದರೆ ಅದರ ಅರ್ಧ ಫಲಿತಾಂಶ ಈ ರಸೀದಿ ಪುಸ್ತಕದಲ್ಲೇ ನಿರ್ಧಾರವಾಗಿರುತ್ತದೆ.

ಎರಡನೆಯದು ವರ್ಗಾವಣೆ. ಸಭಾಪಾಲಕರನ್ನು ಯಾವ ಊರಿಗೆ ಹಾಕಬೇಕು ಎಂಬುದರಲ್ಲಿ ಬಿಷಪರ ಮಾತೇ ನಡೆಯುತ್ತದೆ. ನಗರದ ದೊಡ್ಡ ಸಭೆಗೂ ಹಳ್ಳಿಗಾಡಿನ ಸಣ್ಣ ಸಭೆಗೂ ವಸತಿ, ಮಕ್ಕಳ ಶಾಲೆ, ಆಸ್ಪತ್ರೆ ಎಲ್ಲದರಲ್ಲೂ ಅಂತರವಿದೆ. ಆ ಸಭಾಪಾಲಕರೇ ಕೌನ್ಸಿಲ್‌ನಲ್ಲಿ ಮತದಾರರು. ಮತಪತ್ರ ಗುಪ್ತವಾಗಿದ್ದರೂ, ಎಲ್ಲರೂ ಎಲ್ಲರನ್ನೂ ಬಲ್ಲ ಬಳಗದಲ್ಲಿ ಯಾರು ಯಾವ ಕಡೆ ಎಂಬುದು ಗುಟ್ಟಾಗಿ ಉಳಿಯುವುದಿಲ್ಲ. ಸೋತ ಬಣದವರು ಮುಂದಿನ ವರ್ಗಾವಣೆ ಪಟ್ಟಿಯಲ್ಲಿ ತಮ್ಮ ಹೆಸರು ಎಲ್ಲಿದೆ ಎಂದು ಹುಡುಕುವುದು ಸುಮ್ಮನೆ ಅಲ್ಲ.

ಮೂರನೆಯದೇ ನಿಜವಾದ ಕಂದಕ. ಈ ಇಡೀ ಏಣಿಯಲ್ಲಿ ಅಭ್ಯರ್ಥಿಯನ್ನು "ಪರೀಕ್ಷೆಗೊಳಪಡಿಸುವ" ಮೆಟ್ಟಿಲು ಯಾವುದು? ವಯಸ್ಸು, ಸೇವಾವಧಿ, ಪದವಿ ಮುಂತಾದವನ್ನು ಕಡತ ನೋಡಿ ಹೇಳಬಹುದು. ಹಣಕಾಸಿನ ನಡವಳಿಕೆ, ಹಿಂದಿನ ಸಭೆಗಳ ಲೆಕ್ಕಪತ್ರ, ಸಂಸ್ಥೆಗಳಲ್ಲಿ ಕೆಲಸಕ್ಕಿರುವ ಬಂಧುಗಳು, ಬಾಕಿ ಇರುವ ದೂರುಗಳನ್ನು ಹೊರಗಿನವರೊಬ್ಬರು ಕೂತು ಪರಿಶೀಲಿಸಿ ಮತದಾನಕ್ಕೆ ಮೊದಲೇ ವರದಿ ಕೊಡುವ ರೂಢಿ ಬೆಳೆದಿಲ್ಲ. ಆ ಜಾಗವನ್ನು ತುಂಬುವುದು ಕರಪತ್ರ, ವಾಟ್ಸ್ಆ್ಯಪ್ ಸಂದೇಶ, ಜಾತಿ ಮತ್ತು ಭಾಷೆಯ ಲೆಕ್ಕಾಚಾರ. ಕೌನ್ಸಿಲ್ ಮತ ಎಣಿಸುತ್ತದೆ, ಸಿನೋಡ್ ಆರಿಸುತ್ತದೆ. ಪರೀಕ್ಷಿಸುವ ಕೆಲಸ ಇಬ್ಬರ ನಡುವೆ ಬಿದ್ದುಹೋಗುತ್ತದೆ. ಆಯ್ಕೆ ಮಂಡಳಿ ತನ್ನ ತೀರ್ಮಾನಕ್ಕೆ ಕಾರಣ ಹೇಳುವುದಿಲ್ಲವಾದ್ದರಿಂದ, ಮೇಲಿನವರ ವಿವೇಚನೆಯೂ ಸೋತವರ ಕಣ್ಣಿಗೆ ಹಣದ ಆಟವಾಗಿಯೇ ಕಾಣುತ್ತದೆ. ಅದು ನಿಜವೋ ಸುಳ್ಳೋ ಎಂದು ತೋರಿಸಲು ಯಾರ ಕೈಯಲ್ಲೂ ಕಾಗದವಿರುವುದಿಲ್ಲ.

ಇಷ್ಟಾದರೂ ಪ್ಯಾನೆಲ್ ಪದ್ಧತಿಯನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಬಾರದು. 2013ರಲ್ಲಿ ನಂದ್ಯಾಲ ಡಯಾಸಿಸ್‌ಗೆ ಇ. ಪುಷ್ಪಲಲಿತಾ ಬಿಷಪ್ ಆದರು. ಸಿಎಸ್‌ಐನ ಮೊದಲ ಮಹಿಳಾ ಬಿಷಪ್ ಅವರು. ಮಹಿಳೆಯರ ಹೆಸರನ್ನು ಪರಿಗಣಿಸಲೂ ದಾರಿಯಿಲ್ಲದ ಸಭೆಗಳು ಇನ್ನೂ ಎಷ್ಟೋ ಇವೆ.

ಪಣಕ್ಕಿರುವುದು ಪೀಠವಷ್ಟೇ ಅಲ್ಲ

ಪೈಪೋಟಿ ಇಷ್ಟು ಕಾವೇರಲು ಕಾರಣ ಆಸ್ತಿ. ಸಿಎಸ್‌ಐನ ಸ್ಥಿರಾಸ್ತಿಗಳು ಇರುವುದು ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಹೆಸರಿನಲ್ಲಿ. 1947ರಲ್ಲಿ ನೋಂದಣಿಯಾದ ಇದು ಕಂಪನಿ ಕಾಯ್ದೆಯಡಿಯ ಲಾಭರಹಿತ ಸಂಸ್ಥೆ. ಶಾಲೆ, ಕಾಲೇಜು, ಆಸ್ಪತ್ರೆಗಳ ಆಡಳಿತ ಮಂಡಳಿಗಳಲ್ಲಿ ಬಿಷಪರಿಗೆ ಹುದ್ದೆಯ ಕಾರಣಕ್ಕೇ ಮುಖ್ಯ ಸ್ಥಾನವಿರುತ್ತದೆ. ಶಿಕ್ಷಕರ ನೇಮಕ, ಸೀಟು ಹಂಚಿಕೆ, ಕಟ್ಟಡದ ಗುತ್ತಿಗೆ, ಬಾಡಿಗೆ ಕರಾರು ಎಲ್ಲವೂ ಆ ಮೇಜಿನ ಮೇಲೆ ಹಾದುಹೋಗುತ್ತವೆ. ಬೆಂಗಳೂರಿನ ನಡುಮಧ್ಯದ ಜಮೀನಿನ ಬೆಲೆ ಗೊತ್ತಿದ್ದವರಿಗೆ ಉಳಿದದ್ದನ್ನು ಬಿಡಿಸಿ ಹೇಳಬೇಕಿಲ್ಲ.

ಕುರಿ ಕಾಯುವವನನ್ನು ಹುಡುಕುತ್ತೇವೆಂದು ಹೊರಟ ಸಭೆ ನಿಜದಲ್ಲಿ ಹುಡುಕುತ್ತಿರುವುದು ಒಂದು ದೊಡ್ಡ ಸಂಸ್ಥಾಜಾಲದ ಅಧ್ಯಕ್ಷನನ್ನು. ಒಳ್ಳೆಯ ಬೋಧಕನಿಗೆ ಬ್ಯಾಲೆನ್ಸ್ ಶೀಟ್ ಓದಲು ಬರಬೇಕಿಲ್ಲ, ಅದನ್ನು ಓದಬಲ್ಲವನು ಬೋಧಕನಾಗಿರಲೇಬೇಕಿಲ್ಲ. ಎರಡೂ ಕೆಲಸವನ್ನು ಒಂದೇ ಹುದ್ದೆಗೆ ಕಟ್ಟಿದ್ದರಿಂದ ಮತದಾರರು ಅಭ್ಯರ್ಥಿಯನ್ನು ಯಾವ ತಕ್ಕಡಿಯಲ್ಲಿ ತೂಗಬೇಕೆಂದೇ ತೋಚುವುದಿಲ್ಲ.

ಅರವತ್ತೇಳೋ, ಎಪ್ಪತ್ತೋ

ಮದ್ರಾಸ್ ಹೈಕೋರ್ಟ್‌ನ ಪ್ರಕರಣಕ್ಕೆ ಕಿಡಿ ಹತ್ತಿದ್ದು ವಯಸ್ಸಿನ ವಿಷಯಕ್ಕೆ. ಸಿಎಸ್‌ಐನಲ್ಲಿ ಬಿಷಪರ ನಿವೃತ್ತಿ ವಯಸ್ಸು 67. ಅದನ್ನು 70ಕ್ಕೆ ಏರಿಸುವುದೂ ಸೇರಿದಂತೆ ಕೆಲವು ತಿದ್ದುಪಡಿಗಳನ್ನು 2022ರ ಮಾರ್ಚ್‌ನಲ್ಲಿ ಸಿನೋಡ್‌ನ ವಿಶೇಷ ಅಧಿವೇಶನ ಅಂಗೀಕರಿಸಿತು. ಸಿನೋಡ್ ಒಪ್ಪಿದರಷ್ಟೇ ಸಾಲದು, ಡಯಾಸಿಸ್ ಕೌನ್ಸಿಲ್‌ಗಳ ಅನುಮೋದನೆಯೂ ಬೇಕು. ಆ ಅನುಮೋದನೆ ನಿಯಮದಂತೆ ಸಿಕ್ಕಿದೆಯೇ ಎಂಬುದೇ ವಿವಾದವಾಯಿತು. 2023ರ ಜನವರಿಯಲ್ಲಿ ನಡೆದ ಮಾಡರೇಟರ್ ಚುನಾವಣೆಯೂ ಅದರೊಂದಿಗೆ ಪ್ರಶ್ನೆಗೊಳಗಾಯಿತು.

ತಿದ್ದುಪಡಿಯ ಪರ ಇರುವವರ ವಾದದಲ್ಲಿ ಹುರುಳಿಲ್ಲವೆಂದಲ್ಲ. ಅನುಭವಿಗಳು ಬೇಗ ಮನೆಗೆ ಹೋಗುತ್ತಾರೆ, ಸರಾಸರಿ ಆಯಸ್ಸು ಹೆಚ್ಚಿದೆ, ಕಥೋಲಿಕ ಬಿಷಪರು 75ರವರೆಗೆ ಇರುತ್ತಾರೆ ಎನ್ನುತ್ತಾರೆ. ವಿರೋಧಿಗಳ ಮಾತು ವಯಸ್ಸಿನ ಬಗ್ಗೆ ಅಲ್ಲವೇ ಅಲ್ಲ, ಯಾರು ಯಾವಾಗ ಬದಲಿಸಿದರು ಎಂಬುದರ ಬಗ್ಗೆ. ಹುದ್ದೆಯಲ್ಲಿರುವವರೇ ತಮ್ಮ ಅವಧಿ ಹಿಗ್ಗಿಸುವ ತಿದ್ದುಪಡಿ ತಂದರೆ ಅದು ಹಿತಾಸಕ್ತಿಯ ಘರ್ಷಣೆ ಎನ್ನುವುದು ಅವರ ವಾದ. ಇಲ್ಲಿ ವಿರೋಧಿಗಳ ಮಾತಿಗೇ ಹೆಚ್ಚು ತೂಕ. ತಿದ್ದುಪಡಿ ಮುಂದೆ ಆಯ್ಕೆಯಾಗುವವರಿಗೆ ಮಾತ್ರ ಅನ್ವಯ ಎಂದು ಒಂದು ಸಾಲು ಸೇರಿಸಿದ್ದರೆ ಅರ್ಧ ಜಗಳ ಹುಟ್ಟುತ್ತಲೇ ಇರಲಿಲ್ಲ.

ಮತವೇ ಇಲ್ಲದ ದಾರಿ

ಕಥೋಲಿಕ ಸಭೆಯಲ್ಲಿ ಪರೀಕ್ಷೆಯೇ ಮುಖ್ಯ, ಮತ ಇಲ್ಲ. ಧರ್ಮಸಭೆಯ ಕಾನೂನುಸಂಹಿತೆಯ 378ನೇ ಕಟ್ಟಳೆಯ ಪ್ರಕಾರ ಬಿಷಪ್ ಆಗುವವರಿಗೆ ಕನಿಷ್ಠ 35 ವರ್ಷ ವಯಸ್ಸು, ಗುರುದೀಕ್ಷೆ (ಪಾದ್ರಿಯಾಗುವ ದೀಕ್ಷೆ) ಪಡೆದು ಕನಿಷ್ಠ 5 ವರ್ಷ ಆಗಿರಬೇಕು. ಬೈಬಲ್, ದೈವಶಾಸ್ತ್ರ ಅಥವಾ ಧರ್ಮಸಭೆಯ ಕಾನೂನಿನಲ್ಲಿ ಡಾಕ್ಟರೇಟ್ ಇಲ್ಲವೇ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಲೈಸೆನ್ಷಿಯೇಟ್ ಪದವಿ, ಅಥವಾ ಕಡೇಪಕ್ಷ ಆ ವಿಷಯಗಳಲ್ಲಿ ನಿಜವಾದ ಪರಿಣತಿ ಬೇಕು. ಒಳ್ಳೆಯ ಹೆಸರು, ವಿವೇಕ, ಸದ್ಗುಣಗಳು ಇದ್ದೇ ಇವೆ.

ಪ್ರಕ್ರಿಯೆ ಹೀಗಿದೆ. ಒಂದು ಪ್ರಾಂತ್ಯದ ಬಿಷಪರು ಕನಿಷ್ಠ ಮೂರು ವರ್ಷಕ್ಕೊಮ್ಮೆ ಯೋಗ್ಯ ಗುರುಗಳ ಪಟ್ಟಿಯನ್ನು ಗುಟ್ಟಾಗಿ ತಯಾರಿಸಿ ರೋಮ್‌ಗೆ ಕಳುಹಿಸುತ್ತಾರೆ. ಹುದ್ದೆ ತೆರವಾದಾಗ ದೆಹಲಿಯಲ್ಲಿರುವ ಪೋಪರ ರಾಯಭಾರಿ ವಿಚಾರಣೆ ಶುರುಮಾಡುತ್ತಾರೆ. ಅಭ್ಯರ್ಥಿಯನ್ನು ಬಲ್ಲವರಿಗೆ ಗೋಪ್ಯ ಪ್ರಶ್ನಾವಳಿ ಹೋಗುತ್ತದೆ. ಅದನ್ನು ಪಡೆದವರು ಹಾಗೆಂದು ಹೊರಗೆ ಬಾಯಿಬಿಡುವಂತೆಯೂ ಇಲ್ಲ. ರಾಯಭಾರಿಯು ಪ್ರಾಂತ್ಯದ ಮುಖ್ಯ ಬಿಷಪರಾದ ಮಹಾಧರ್ಮಾಧ್ಯಕ್ಷರು, ನೆರೆಯ ಬಿಷಪರು, ಕೆಲವು ಸಲಹಾಗುರುಗಳ ಅಭಿಪ್ರಾಯ ಕೇಳಲೇಬೇಕು. ಶ್ರೀಸಾಮಾನ್ಯರನ್ನು ಕೇಳುವುದು ಅವರ ವಿವೇಚನೆಗೆ ಬಿಟ್ಟದ್ದು. ಕೊನೆಗೆ ಮೂರು ಹೆಸರುಗಳು ತಮ್ಮ ಅಭಿಪ್ರಾಯದೊಂದಿಗೆ ರೋಮ್‌ಗೆ. ಪೋಪರು ಆ ಮೂವರನ್ನೂ ಬಿಟ್ಟು ಬೇರೊಬ್ಬರನ್ನು ನೇಮಿಸಬಹುದು. ಘೋಷಣೆ ರೋಮ್‌ನ ಮಧ್ಯಾಹ್ನ 12ಕ್ಕೆ, ಅಂದರೆ ನಮ್ಮಲ್ಲಿ ಕಾಲಮಾನಕ್ಕೆ ತಕ್ಕಂತೆ ಮಧ್ಯಾಹ್ನ ಮೂರೂವರೆ ಅಥವಾ ಸಂಜೆ ನಾಲ್ಕೂವರೆಗೆ.

ಇಲ್ಲಿ ರಸೀದಿ ಪುಸ್ತಕದ ರಾಜಕೀಯವಿಲ್ಲ. ಅಭ್ಯರ್ಥಿಯ ಆರೋಗ್ಯ, ಹಣದ ವ್ಯವಹಾರ, ಬೋಧನೆಯ ಬಗ್ಗೆ ಬಿಡಿಬಿಡಿಯಾಗಿ ಕೇಳುತ್ತಾರೆ. ಆದರೆ ಕೇಳುವುದು ಯಾರನ್ನು? ಪಟ್ಟಿ ಮಾಡುವವರು ಈಗಿನ ಬಿಷಪರು, ಅವರಿಗೆ ಪರಿಚಿತರಾದವರೇ ಸಾಕ್ಷಿಗಳು. ಬಿಷಪರ ಕಚೇರಿ, ಸೆಮಿನರಿ (ಪಾದ್ರಿಗಳ ತರಬೇತಿ ಶಾಲೆ), ಧರ್ಮಪ್ರಾಂತ್ಯದ ಆಡಳಿತದಲ್ಲಿ ಇದ್ದವರ ಹೆಸರು ಮೇಲೆ ಬರುತ್ತದೆ. ದೂರದ ಧರ್ಮಕೇಂದ್ರದಲ್ಲಿ ಇಪ್ಪತ್ತು ವರ್ಷ ದುಡಿದವರ ಹೆಸರು ಬರುವುದು ಅಪರೂಪ. ಕನ್ನಡ, ಕೊಂಕಣಿ, ತಮಿಳು, ಮಲಯಾಳಂ ಭಾಷಿಕರು ಒಟ್ಟಿಗಿರುವ ಬೆಂಗಳೂರಿನಲ್ಲಿ ಕನ್ನಡಿಗ ಬಿಷಪರಿಗಾಗಿ ದಶಕಗಳಿಂದ ಒತ್ತಾಯವಿದೆ. ಅದಕ್ಕೆ ಹೌದೆಂದೋ ಇಲ್ಲವೆಂದೋ ಉತ್ತರ ಕೊಡುವ ಬಾಗಿಲು ಈ ವ್ಯವಸ್ಥೆಯಲ್ಲಿ ಇಲ್ಲದ ಕಾರಣ, ಒತ್ತಾಯ ಬೀದಿಗೆ ಬರುತ್ತದೆ.

ತಪ್ಪು ತಿದ್ದಲು ಹಿಡಿಯುವ ಸಮಯ ಇನ್ನೊಂದು ಕಷ್ಟ. ಮೈಸೂರಿನ ವಿಷಯದಲ್ಲಿ 37 ಗುರುಗಳು ಪೋಪರಿಗೆ ದೂರು ಬರೆದದ್ದು 2019ರಲ್ಲಿ. ಆ ದೂರುಗಳ ಸತ್ಯಾಸತ್ಯತೆ ಇಲ್ಲಿನ ಚರ್ಚೆಯಲ್ಲ, ಕಾಲಾನುಕ್ರಮ ಮಾತ್ರ ನೋಡಿ. ಬಿಷಪರು ರಜೆಯ ಮೇಲೆ ಹೋದದ್ದು 2023ರಲ್ಲಿ. ಅದುವರೆಗೆ ಏನು ವಿಚಾರಣೆ ನಡೆಯಿತು, ಏನು ತೀರ್ಮಾನವಾಯಿತು ಎಂಬುದು ದೂರು ಕೊಟ್ಟವರಿಗೂ ಸ್ಪಷ್ಟವಿರಲಿಲ್ಲ, ಆರೋಪ ಹೊತ್ತವರ ಪರ ಇದ್ದವರಿಗೂ ಇರಲಿಲ್ಲ. ಚುನಾವಣೆಯ ದೋಷ ಎಲ್ಲರ ಕಣ್ಣೆದುರು ಬೇಗ ಕಾಣುತ್ತದೆ. ನೇಮಕದ ದೋಷ ಮುಚ್ಚಿದ ಬಾಗಿಲ ಹಿಂದೆ ತಡವಾಗಿ ತಿಳಿಯುತ್ತದೆ.

ಇವೆರಡನ್ನೂ ಬೆಸೆದ ಮೂರನೆಯ ದಾರಿಯೂ ಜಗತ್ತಿನಲ್ಲಿದೆ. ಈಜಿಪ್ಟಿನ ಕಾಪ್ಟಿಕ್ ಸಭೆ 2012ರಲ್ಲಿ ತನ್ನ ಮುಖ್ಯಸ್ಥರನ್ನು (ಅವರನ್ನೂ ಪೋಪ್ ಎಂದೇ ಕರೆಯುತ್ತಾರೆ) ಆರಿಸಿದಾಗ ಮೊದಲು ಸಮಿತಿ ಅಭ್ಯರ್ಥಿಗಳನ್ನು ಸೋಸಿತು, ಆಮೇಲೆ ಮತದಾರರು ಮೂವರನ್ನು ಉಳಿಸಿದರು, ಕೊನೆಗೆ ಕಣ್ಣಿಗೆ ಬಟ್ಟೆ ಕಟ್ಟಿದ ಹುಡುಗನೊಬ್ಬ ಬಲಿಪೀಠದ ಬಳಿ ಚೀಟಿ ಎತ್ತಿದ. ಎರಡನೇ ತವಾಡ್ರೋಸ್ ಆಯ್ಕೆಯಾದರು. ಕೊನೆಯ ಹೆಜ್ಜೆ ಯಾರ ಕೈಯಲ್ಲೂ ಇಲ್ಲವೆಂದ ಮೇಲೆ ಅದಕ್ಕಾಗಿ ಹಣ ಸುರಿಯುವವರೂ ಇರುವುದಿಲ್ಲ.

ಕೋರ್ಟಿನ ಕೈ ಎಲ್ಲಿಯವರೆಗೆ

ಧರ್ಮದ ವಿಷಯದಲ್ಲಿ ನ್ಯಾಯಾಲಯ ತಲೆ ಹಾಕಬಹುದೇ ಎಂದು ಕೇಳುವವರಿದ್ದಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಕಲಮಿನ ವಿವರಣೆ ಇದಕ್ಕೆ ಉತ್ತರ ಕೊಡುತ್ತದೆ: ಆಸ್ತಿಯ ಅಥವಾ ಹುದ್ದೆಯ ಹಕ್ಕು ವಿವಾದದಲ್ಲಿದ್ದರೆ, ಆ ಹಕ್ಕು ಪೂರ್ತಿಯಾಗಿ ಧಾರ್ಮಿಕ ವಿಧಿಯನ್ನೇ ಅವಲಂಬಿಸಿದ್ದರೂ ಅದು ಸಿವಿಲ್ ದಾವೆಯೇ. ಕೇರಳದ ಮಲಂಕರ ಸಭೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ ಚರ್ಚ್ ವಿವಾದಗಳೂ ಇದರಡಿ ಬರುತ್ತವೆ ಎಂದಿತು.

ಆದರೆ ಕೋರ್ಟ್ ನೋಡುವುದು ನೋಟಿಸ್ ಸರಿಯಾಗಿ ಹೋಯಿತೇ, ಕೋರಂ ಇತ್ತೇ, ಮತದಾರರ ಪಟ್ಟಿ ನಿಯಮದಂತೆ ಇದೆಯೇ, ತಿದ್ದುಪಡಿಗೆ ಬೇಕಾದ ಬಹುಮತ ಬಂತೇ ಎಂಬುದನ್ನು. ಗೆದ್ದವರು ಹಣದಾಸೆಯಿಲ್ಲದವರೇ, ಬೋಧಿಸಬಲ್ಲವರೇ ಎಂದು ಯಾವ ನ್ಯಾಯಾಧೀಶರೂ ತೀರ್ಪು ಕೊಡಲಾರರು. ಚುನಾವಣೆಯನ್ನು ಕೋರ್ಟ್ ಶುದ್ಧವಾಗಿ ನಡೆಸಿಕೊಟ್ಟರೂ ಅರ್ಹತೆಯ ಪರೀಕ್ಷೆ ಬಾಕಿಯೇ ಉಳಿಯುತ್ತದೆ. ಇದರ ಜೊತೆಗೆ ದಾವೆ ನಡೆಯುವಷ್ಟು ಕಾಲ ಬ್ಯಾಂಕ್ ಖಾತೆಗೆ ಸಹಿ ಹಾಕುವ ಅಧಿಕಾರ ಯಾರದು ಎಂಬ ಪ್ರಶ್ನೆ ಏಳುತ್ತದೆ, ಶಾಲೆಗಳ ನೇಮಕ ನಿಲ್ಲುತ್ತದೆ, ಸಭಾಪಾಲಕರ ದೀಕ್ಷೆ ಮುಂದೆ ಹೋಗುತ್ತದೆ. ವಕೀಲರ ಶುಲ್ಕ ಹೋಗುವುದು ಕಾಣಿಕೆ ಹಣದಿಂದಲೇ.

ಮುಂದಿನ ಚುನಾವಣೆಗೆ ಮೊದಲು

ಬೇಕಾದ ಬದಲಾವಣೆಗಳಲ್ಲಿ ಹೆಚ್ಚಿನವಕ್ಕೆ ಸಭೆಯ ಸಂವಿಧಾನದ ತಿದ್ದುಪಡಿಯೂ ಬೇಕಿಲ್ಲ. ಹುದ್ದೆ ತೆರವಾಗುವ ದಿನ ಮೊದಲೇ ಗೊತ್ತಿರುತ್ತದೆ, ನಿವೃತ್ತಿಯ ತಾರೀಕು ಗುಟ್ಟಲ್ಲ. ಅದಕ್ಕೆ ಆರು ತಿಂಗಳು ಮೊದಲೇ ವರ್ಗಾವಣೆ ನಿಲ್ಲಿಸಿ, ಮತದಾರರ ಪಟ್ಟಿಯನ್ನು ಸೀಲ್ ಮಾಡಿದರೆ ಕೊನೆಯ ಗಳಿಗೆಯ ಚಂದಾಗೂ ಬೆದರಿಕೆಗೂ ಜಾಗವಿರುವುದಿಲ್ಲ. ಪ್ಯಾನೆಲ್‌ಗೆ ಹೆಸರು ಕೊಡುವ ಪ್ರತಿಯೊಬ್ಬರೂ ಆಸ್ತಿ, ಸಾಲ, ಬಾಕಿ ಮೊಕದ್ದಮೆ, ಸಭೆಯ ಸಂಸ್ಥೆಗಳಲ್ಲಿ ಸಂಬಳ ಪಡೆಯುವ ಹತ್ತಿರದ ಬಂಧುಗಳ ವಿವರವನ್ನು ಬರೆದುಕೊಡಲಿ. ಕೊನೆಯ ಮೂರು ಸಭೆಗಳ ಆಡಿಟ್ ವರದಿಯನ್ನು ಅದಕ್ಕೆ ಲಗತ್ತಿಸಲಿ. ಅದನ್ನು ಪರಿಶೀಲಿಸುವವರು ಬೇರೆ ಡಯಾಸಿಸ್‌ನವರಾಗಿರಲಿ, ಒಬ್ಬರಾದರೂ ಲೆಕ್ಕಪರಿಶೋಧಕರಿರಲಿ, ಅವರು ಯಾರೂ ಮತ ಹಾಕುವವರಾಗಿರಬಾರದು. ಹೊರಗಿನವರಿಂದ ಒಳ್ಳೆಯ ಹೆಸರು ಎಂಬ ನಿಯಮಕ್ಕೆ ಅಭ್ಯರ್ಥಿ ಸೇವೆ ಮಾಡಿದ ಊರಿನ ಇಬ್ಬರು ಕ್ರೈಸ್ತರಲ್ಲದವರನ್ನು ಮಾತನಾಡಿಸಿದರೆ ಸಾಕು. ಇದರಲ್ಲಿ ನಗುವಂಥದ್ದೇನೂ ಇಲ್ಲ, ಪೌಲನ ಪತ್ರದಲ್ಲಿ ಇರುವುದೇ ಅದು.

ಸಿನೋಡ್ ತಾನು ಆರಿಸಿದ್ದಕ್ಕೆ ಎರಡು ಪುಟದ ಕಾರಣ ಬರೆದರೆ ಸೋತವರಿಗೆ ಪ್ರಶ್ನಿಸಲು ಒಂದು ಕಾಗದವಾದರೂ ಸಿಗುತ್ತದೆ. ಕಥೋಲಿಕ ಧರ್ಮಪ್ರಾಂತ್ಯಗಳಲ್ಲಿ ಹೆಸರು ಹೇಳುವ ಅಗತ್ಯವೇ ಇಲ್ಲ. ಹೊಸ ಬಿಷಪರಿಗೆ ಯಾವ ಭಾಷೆ ಬರಬೇಕು, ಯಾವ ಕೆಲಸ ಮೊದಲು ಆಗಬೇಕು ಎಂಬ ಬಗ್ಗೆ ಧರ್ಮಕೇಂದ್ರಗಳ ಅಭಿಪ್ರಾಯವನ್ನು ಲಿಖಿತವಾಗಿ ಪಡೆದು ರಾಯಭಾರಿಗೆ ಕಳುಹಿಸಲು ಈಗಿರುವ ಕಟ್ಟಳೆಗಳಲ್ಲಿ ಅಡ್ಡಿಯಿಲ್ಲ.

ಸಿಎಸ್‌ಐ ಸದಸ್ಯರು ತಮ್ಮ ಸಭೆಯಲ್ಲಿ ಈಗಲೇ ಕೇಳಬಹುದಾದ ಪ್ರಶ್ನೆಗಳು ಮೂರು: ಮತದಾರರ ಕರಡು ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಯಾವ ಭಾನುವಾರ ಹಾಕುತ್ತಾರೆ, ಆಕ್ಷೇಪಣೆಗೆ ಎಷ್ಟು ದಿನ ಕೊಟ್ಟಿದ್ದಾರೆ, ಕೊನೆಯ ಹದಿನೈದು ದಿನಗಳಲ್ಲಿ ಕಟ್ಟಿದ ಚಂದಾಗಳ ರಸೀದಿ ಯಾರ ಹೆಸರಿನಲ್ಲಿದೆ.